ಕುಕ್ಕುವವಳಿಗೆ ಮಂಕರಿ

ವಿಷಮಜ್ವರ ಬಂದು ತವರಿಗೆ ಹೋಗಿದ್ದ ನಾನು ಗಂಡನ ಮನೆಗೆ ವಾಪಸು ಬಂದದ್ದು ಮೂರು ತಿಂಗಳ ಮೇಲೆ, ತೊಡೆಯ ಮೇಲೊಂದು ಕೋಳಿ ಇಟ್ಟುಕೊಂಡು. ತವರು ಪುರವರ, ಗಂಡನ ಮನೆ ಮಿಡಿಗೇಶಿ ದುರ್ಗದ ಬುಡದಲ್ಲಿದ್ದ ಒಂದು ಹಳ್ಳಿ. ಮಧುಗಿರಿಯವರೆಗೆ ಎತ್ತಿನ ಗಾಡಿ, ಅಲ್ಲಿಂದ ಮುಂದಕ್ಕೆ ಬಸ್ಸು. ಯುದ್ಧದ ಕಾಲ, ಪೆಟ್ರೋಲು ಸಿಗುತ್ತಿರಲಿಲ್ಲ. ಬಸ್ಸಿನ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿ ಓಡಿಸುತ್ತಿದ್ದರು, ದಿಬ್ಬ ಬಂದರೆ ಗಂಡಸರೆಲ್ಲ ಇಳಿದು ತಳ್ಳಬೇಕು. ಕಂಡಕ್ಟರು ನನ್ನ ಕೋಳಿಯನ್ನು ನೋಡಿ, "ಇದೂ ಇಳ್ದು ತಳ್ತದೇನಮ್ಮ?" ಅಂದ. ಬಸ್ಸೆಲ್ಲ ನಕ್ಕಿತು, ನನಗೆ ನಗು ಬರಲಿಲ್ಲ. ಜ್ವರಕ್ಕೆ ತಲೆಗೂದಲು ಮುಕ್ಕಾಲು ಪಾಲು ಉದುರಿಹೋಗಿತ್ತು; ತಲೆಯ ಮೇಲಿನ ಸೆರಗು ಜಾರದಂತೆ ಹಿಡಿದುಕೊಳ್ಳುವುದರಲ್ಲೇ ನನ್ನ ಗಮನವೆಲ್ಲ ಇತ್ತು.

ಕೋಳಿ ಅವ್ವ ಕೊಟ್ಟದ್ದು. ಬಿಳಿ ಮೈ, ಅದರ ತುಂಬ ಕಂದು ಚುಕ್ಕೆ. "ಇದು ನಿಂದು ಕಣವ್ವ. ಮೊಟ್ಟೆ ಇಕ್ದಾಗೆಲ್ಲ ಬೇಯಿಸ್ಕೊಂಡ್ ತಿನ್ನು, ಯಾರ್ನೂ ಕೇಳ್ಬ್ಯಾಡ" ಎಂದಿದ್ದಳು. ಮದುವೆಯಾಗಿ ಎರಡು ವರ್ಷವಾಗಿತ್ತು. ಆ ಮನೆಯಲ್ಲಿ ಇದು ನನ್ನದು ಎಂದು ಹೇಳಿಕೊಳ್ಳಲು ನನಗೆ ಆ ಚುಕ್ಕೆಕೋಳಿ ಬಿಟ್ಟರೆ ಬೇರೇನೂ ಇರಲಿಲ್ಲ.

ಮನೆಯಲ್ಲಿ ನಾವು ಐದು ಜನ. ಮಾವ ತೀರಿಕೊಂಡು ಬಹಳ ವರ್ಷವಾಗಿತ್ತು, ಯಜಮಾನಿಕೆ ಅತ್ತೆಯದು. ಭಾವ, ಭಾವನ ಹೆಂಡತಿ, ನನ್ನ ಗಂಡ, ನಾನು. ಭಾವನ ಹೆಂಡತಿ, ಎಂದರೆ ನನ್ನ ವಾರಗಿತ್ತಿ, ಪಾವಗಡದ ಕಡೆಯವಳು. ಸಿಟ್ಟು ಬಂದರೆ ತೆಲುಗು ಬರುತ್ತಿತ್ತು, ಸಿಟ್ಟು ದಿನಾ ಬರುತ್ತಿತ್ತು. ಗಟ್ಟಿ ಆಳು. ಐದು ಜನರ ಮುದ್ದೆಯನ್ನು, ನಮ್ಮ ಕಡೆ ಅದಕ್ಕೆ ಹಿಟ್ಟು ಎನ್ನುತ್ತೇವೆ, ಒಬ್ಬಳೇ ತೊಳಸಿ ಇಳಿಸುತ್ತಿದ್ದಳು. ಜ್ವರಕ್ಕೆ ಮುಂಚೆ ಆ ಕೆಲಸ ನನ್ನದಾಗಿತ್ತು. ವಾಪಸು ಬಂದ ಮಾರನೆಯ ದಿನ ನಾನು ಹಿಟ್ಟಿನ ಕೋಲು ಹಿಡಿದೆ. ನಾಲ್ಕು ಸುತ್ತು ತಿರುಗಿಸುವುದರಲ್ಲಿ ತೋಳು ನಡುಗಿತು, ಮುದ್ದೆಯ ತುಂಬ ಗಂಟು. ಭಾವ ತುತ್ತು ಬಾಯಿಗಿಟ್ಟು, ಒಂದು ಗಂಟನ್ನು ಬೆರಳಲ್ಲಿ ತೆಗೆದು ತಟ್ಟೆಯ ಅಂಚಿಗಿಟ್ಟರು. ಏನೂ ಅನ್ನಲಿಲ್ಲ. ಅನ್ನುವುದಕ್ಕೆ ವಾರಗಿತ್ತಿ ಇದ್ದಳಲ್ಲ.

"ಕೋಲ್ ಎತ್ತೋಕೇ ಕಸುವಿಲ್ಲ, ಹಿಟ್ ತೊಳಸ್ತಾಳಂತೆ. ಹೋಗಮ್ಮ, ಬಿಸ್ಲಲ್ ಕೂತ್ಕೋ ಹೋಗು, ಕೂದ್ಲಾದ್ರೂ ಹುಟ್ಲಿ!"

ಅಂದಿನಿಂದ ಒಲೆಯ ಹತ್ತಿರ ನನ್ನನ್ನು ಅವಳು ಸೇರಿಸಲಿಲ್ಲ. ಹೋದರೆ ಒಂದು ಮಾತು, ಬಂದರೆ ಒಂದು ಮಾತು. ನನಗೂ ಕೋಪ ಮೂಗಿನ ತುದಿಯಲ್ಲೇ. ಆದರೆ ಕೋಪ ಮಾಡಿಕೊಳ್ಳುವುದಕ್ಕೂ ಮೈಯಲ್ಲಿ ಶಕ್ತಿ ಬೇಕು. ಎರಡು ಮಾತು ತಿರುಗಿಸಿ ಆಡಿದರೆ ಕಣ್ಣು ಕತ್ತಲೆ ಬರುತ್ತಿತ್ತು. ಹಾಗಾಗಿ ಹಿತ್ತಿಲಿಗೆ ಹೋಗಿ ಕೋಳಿಗಳ ನಡುವೆ ಕೂರುತ್ತಿದ್ದೆ.

ಹಿತ್ತಿಲಿನಲ್ಲಿ ಅತ್ತೆಯ ಕೋಳಿಗಳು ಏಳೆಂಟು, ಒಂದು ಹುಂಜ, ಎಲ್ಲಕ್ಕೂ ಮೇಲೆ ವಾರಗಿತ್ತಿಯ ಕರಿಕೋಳಿ. ಅದೂ ಪಾವಗಡದಿಂದಲೇ ಬಂದದ್ದು. ರಾಗಿ ಚೆಲ್ಲಿದರೆ ಮೊದಲು ಅದು ತಿನ್ನಬೇಕು, ಮಿಕ್ಕವು ಆಮೇಲೆ. ಹುಂಜ ಕೂಡ ಅದಕ್ಕೆ ದಾರಿ ಬಿಡುತ್ತಿತ್ತು. ನನ್ನ ಚುಕ್ಕೆಕೋಳಿ ಹೊಸದಾಗಿ ಬಂದಾಗ ನಾಲ್ಕು ದಿನ ಜಗಳವಾಯಿತು, ಆಮೇಲೆ ಅದು ಸಾಲಿನ ಕೊನೆಯಲ್ಲಿ ಎಲ್ಲೋ ಜಾಗ ಮಾಡಿಕೊಂಡಿತು. ಅದು ಮೊಟ್ಟೆ ಇಡುತ್ತಿತ್ತು, ನಾನು ಬೇಯಿಸಿ ತಿನ್ನುತ್ತಿದ್ದೆ. ಯಾರನ್ನೂ ಕೇಳುತ್ತಿರಲಿಲ್ಲ.

ಯುಗಾದಿಗೆ ಇನ್ನೊಂದು ತಿಂಗಳಿದೆ ಎನ್ನುವಾಗ ಮುಂಗುಸಿ ಬಂತು. ದುರ್ಗದ ಬಂಡೆಸಂದಿಯಿಂದ ಇಳಿದು ಬೇಲಿಯ ಕೆಳಗೆ ನುಗ್ಗಿ, ಸಾಲಿನ ಕೊನೆಯಲ್ಲಿದ್ದ ನನ್ನದನ್ನೇ ಹಿಡಿಯಿತು. ನಾನು ಕೂಗಿಕೊಂಡು ಓಡಿ ಕೈಗೆ ಸಿಕ್ಕ ಕಟ್ಟಿಗೆ ಎಸೆದೆ, ಬಿಟ್ಟು ಓಡಿತು. ಕೋಳಿಯ ಬೆನ್ನ ಮೇಲೆ ಅಂಗೈ ಅಗಲ ಚರ್ಮ ಕಿತ್ತು ಬಂದಿತ್ತು. ಎತ್ತಿಕೊಂಡಾಗ ಅದರ ಎದೆ ನನ್ನ ಕೈಯೊಳಗೆ ಹೊಡೆದುಕೊಳ್ಳುತ್ತಿದ್ದುದು ಈಗಲೂ ನೆನಪಿದೆ. ನಾನು ಅಳುತ್ತಿದ್ದೆ.

ಹತ್ತು ದಿನ ಅದನ್ನು ಕೊಟ್ಟಿಗೆಯ ಮೂಲೆಯಲ್ಲಿ, ಬಿದಿರಿನ ಮಂಕರಿ ಕವುಚಿ, ಅದರೊಳಗೆ ಇಟ್ಟು ನೋಡಿಕೊಂಡೆ. ನೀರು ಬೆರಳಿನಿಂದ ಕುಡಿಸಿದೆ, ರಾಗಿ ಹಿಟ್ಟನ್ನು ಕಲಸಿ ಗುಳಿಗೆ ಮಾಡಿ ತಿನ್ನಿಸಿದೆ. ಗಾಯಕ್ಕೆ ಏನು ಹಚ್ಚಬೇಕೆಂದು ನಾನು ಯಾರನ್ನೂ ಕೇಳಬೇಕಾಗಿರಲಿಲ್ಲ. ನಮ್ಮಲ್ಲಿ ಬಿದ್ದರೂ ಉಳುಕಿದರೂ ಚೇಳು ಕಡಿದರೂ ಅರಿಶಿನ ಸುಣ್ಣ. ಅರಿಶಿನಕ್ಕೆ ಸುಣ್ಣ ಬಿದ್ದರೆ ಕೆಂಪಾಗುತ್ತದೆ, ಆರತಿಯ ನೀರು ಮಾಡುವುದೂ ಹಾಗೆಯೇ. ದಿನಕ್ಕೆರಡು ಸಲ ಅದನ್ನೇ ಬೆನ್ನಿಗೆ ಮೆತ್ತುತ್ತಿದ್ದೆ. ಹತ್ತನೆಯ ದಿನಕ್ಕೆ ಗಾಯ ಒಣಗಿ ಹೊಪ್ಪಳೆ ಕಟ್ಟಿತು, ಕೋಳಿ ಎದ್ದು ನಿಂತು ಮಂಕರಿಯ ಕಣ್ಣುಗಳಿಂದ ಹೊರಗೆ ಇಣುಕಲು ಶುರು ಮಾಡಿತು. ಬೆಳಿಗ್ಗೆ ಇನ್ನೊಂದು ಸಲ ದಪ್ಪವಾಗಿ ಮದ್ದು ಹಚ್ಚಿ, ಹೆಮ್ಮೆಯಿಂದಲೇ ಹಿತ್ತಿಲಿಗೆ ಬಿಟ್ಟೆ.

ಕರಿಕೋಳಿ ತಲೆಯೆತ್ತಿ ನೋಡಿತು. ಓಡಿ ಬಂದದ್ದೇ ಬೆನ್ನಿಗೆ ಒಂದು ಕುಕ್ಕು. ಅದರ ಹಿಂದೆ ಇನ್ನೊಂದು, ಮತ್ತೊಂದು. ಇಷ್ಟು ದಿನ ತಾವೇ ಸಾಲಿನಲ್ಲಿ ನಿಂತು ತಿನ್ನುತ್ತಿದ್ದ ಬಡಪಾಯಿ ಕೋಳಿಗಳು ಕೂಡ ಬಂದು ಕುಕ್ಕಿದವು. ನಾನು ಬಿಡಿಸಿ ಎತ್ತಿಕೊಳ್ಳುವಷ್ಟರಲ್ಲಿ ಹೊಪ್ಪಳೆ ಕಿತ್ತು ಮತ್ತೆ ರಕ್ತ. ಮತ್ತೆ ಅರಿಶಿನ ಸುಣ್ಣ ಹಚ್ಚಿದೆ. ಮಾರನೆಯ ದಿನ ಬಿಟ್ಟಾಗಲೂ ಹಾಗೇ, ಮೂರನೆಯ ದಿನವೂ ಹಾಗೇ. ಹೆಚ್ಚು ಕುಕ್ಕಿದಷ್ಟೂ ನಾನು ಹೆಚ್ಚು ಹಚ್ಚಿದೆ.

ವಾರಗಿತ್ತಿ ಹಿತ್ತಿಲ ಬಾಗಿಲಲ್ಲಿ ನಿಂತು, "ಅಯ್ಯೋ ದೇವುಡಾ, ನೋಡ್ರೇ ಮದುವಣಗಿತ್ತೀನ! ಓಕುಳಿ ಆಡ್ಕೊಂಡ್ ಬಂದವ್ಳೆ" ಎಂದಳು. ನಗು ಬರುವಂಥ ಮಾತೇ, ಈಗ ನಗುತ್ತೇನೆ. ಆಗ ಹೊಟ್ಟೆ ಉರಿದುಹೋಯಿತು.

ಅತ್ತೆ ಹಿತ್ತಿಲ ಜಗುಲಿಯ ಮೇಲೆ ಮೊರ ಹಿಡಿದು ರಾಗಿ ಕೇರುತ್ತಿದ್ದವರು, ಕೈ ನಿಲ್ಲಿಸದೆ ಹೇಳಿದರು: "ನೋಡಮ್ಮ, ಗುಂಪು ಬ್ಯಾಡ ಅಂದ ಕೋಳಿ ಬದ್ಕಲ್ಲ. ನರಳಿ ನರಳಿ ಸಾಯ್ತದೆ. ವರ್ಷದ್ ತೊಡಕಿನವರ್ಗೂ ನೋಡು. ಆಗ್ಲೂ ಸೇರಿಸ್ಕೊಳ್ನಿಲ್ಲ ಅಂದ್ರೆ ಸಾರಿಗ್ ಹಾಕ್ಬುಡಾನ."

ಯುಗಾದಿಯ ದಿನ ಒಬ್ಬಟ್ಟು, ಮಾರನೆಯ ದಿನ ವರ್ಷದ ತೊಡಕು, ಅಂದು ಬಾಡೂಟ. ಎಲ್ಲ ಮನೆಯಲ್ಲೂ ಏನಾದರೊಂದು ಕುಯ್ಯಲೇಬೇಕು. ಅತ್ತೆ ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಅದು ನನಗೆ ಆಗಲೂ ಗೊತ್ತಿತ್ತು. ಆದರೂ ಅವ್ವ ಕೊಟ್ಟ ಕೋಳಿಯನ್ನು ಸಾರಿಗೆ ಹಾಕಿ, ನನ್ನ ತಟ್ಟೆಗೂ ಬಡಿಸಿ, ಎಲ್ಲರೂ ಕೈ ನೆಕ್ಕಿಕೊಳ್ಳುತ್ತಾ ಕೂರುವುದನ್ನು ನಾನು ನೋಡಲಾರೆ ಎನ್ನಿಸಿತು. ಯುಗಾದಿಗೆ ಹದಿನಾಲ್ಕು ದಿನ ಉಳಿದಿತ್ತು.

ಮಾರನೆಯ ಬೆಳಿಗ್ಗೆ ಹಿತ್ತಿಲ ಕಲ್ಲಿನ ಮೇಲೆ ಕೂತು ತೆಂಗಿನ ಕರಟದಲ್ಲಿ ಮದ್ದು ಕಲಸುತ್ತಿದ್ದೆ. ಚುಕ್ಕೆಕೋಳಿ ಮಂಕರಿಯೊಳಗಿತ್ತು. ಹಿಂದಿನಿಂದ ಕರಿಕೋಳಿ ಬಂದು ನನ್ನ ಬೆರಳನ್ನೇ ಬಲವಾಗಿ ಕುಕ್ಕಿತು. "ಥೂ ನಿನ್ನ" ಎಂದು ಓಡಿಸಿದೆ, ಮತ್ತೆ ಬಂತು. ಎಡಗೈ ಅಡ್ಡ ಹಿಡಿದರೆ ಅದನ್ನು ತಿರುಗಿಯೂ ನೋಡಲಿಲ್ಲ, ಕೆಂಪು ಹತ್ತಿದ ಬಲಗೈಯೇ ಬೇಕು ಅದಕ್ಕೆ. ನಾನು ಒಂದು ಕಡ್ಡಿಯನ್ನು ಕರಟದಲ್ಲಿ ಅದ್ದಿ ದೂರ ಎಸೆದೆ. ಕರಿಕೋಳಿ, ಹುಂಜ, ಉಳಿದವು ಎಲ್ಲ ಒಂದರ ಮೇಲೊಂದು ಬಿದ್ದು ಕಡ್ಡಿಯನ್ನು ಕುಕ್ಕಿದವು.

ಕರಟ ಕೆಳಗಿಟ್ಟೆ. ಮೂರು ದಿನದಿಂದ ಅವು ಕುಕ್ಕುತ್ತಿದ್ದದ್ದು ನಾನು ಬಳಿದ ಬಣ್ಣವನ್ನು. ಅದನ್ನು ರಕ್ತ ಎಂದೇ ತಿಳಿದಿದ್ದವು. ಇಲ್ಲಿ ಕುಕ್ಕಿ ಎಂದು ನಾನೇ ಗುರುತು ಹಾಕಿ ಕಳಿಸಿದ್ದೆ. ಮಂಕರಿ ಎತ್ತಿ ಕೋಳಿಯನ್ನು ಮಡಿಲಿಗೆ ಹಾಕಿಕೊಂಡು, ಬೆಚ್ಚಗಿನ ನೀರಿನಲ್ಲಿ ಅದರ ಬೆನ್ನು ತೊಳೆದೆ. ತೊಳೆಯುವಾಗ ಅದಕ್ಕೆ ಹೇಳಿಕೊಂಡು ಕಣ್ಣೀರು ಹಾಕಿದೆ. ಕೋಳಿಯ ಹತ್ತಿರ ತಪ್ಪಾಯಿತು ಎಂದು ಹೇಳಿದವಳು ಆ ಹೋಬಳಿಯಲ್ಲೇ ನಾನೊಬ್ಬಳು ಇರಬೇಕು.

ಕೆಂಪಿಗೆ ಬದಲು ಕಪ್ಪು ಹಚ್ಚಬೇಕು ಎನ್ನಿಸಿತು. ಕಪ್ಪು ಎಂದರೆ ಕಣ್ಣೆದುರಿಗೇ ಇತ್ತು. ಗಾಡಿಯ ಅಚ್ಚಿಗೆ ಹಾಕುವ ಕೀಲೆಣ್ಣೆ, ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿದ್ದು, ಬಿದಿರಿನ ಗೊಟ್ಟದಲ್ಲಿ ತುಂಬಿ ನನ್ನ ಗಂಡ ಗಾಡಿಯ ಕೆಳಗೆ ನೇತುಹಾಕುತ್ತಿದ್ದರು. ಅದನ್ನು ಬಿಚ್ಚಿ ತಂದು ಬೆನ್ನ ತುಂಬ ಹಚ್ಚಿದೆ. ಸಂಜೆ ಅವರು ಗೊಟ್ಟ ಹುಡುಕುತ್ತಾ ಬಂದವರು ಕೋಳಿಯನ್ನು ನೋಡಿ ಅಲ್ಲೇ ನಿಂತರು.

"ಗಾಡಿಗ್ ಹಾಕೋದ್ನ ಇದಕ್ಕಾಕಿದ್ದೀಯಲ್ಲೇ. ಇನ್ನೇನ್ ಉರುಳ್ಕೊಂಡ್ ಹೋಯ್ತದಾ?"

"ಎಣ್ಣೆ ತಾನೆ, ಮತ್ತೆ ಮಾಡ್ಕೊಳ್ಳಿ" ಎಂದೆ. ಜ್ವರ ಬಿಟ್ಟಮೇಲೆ ನಾನು ಯಾರಿಗಾದರೂ ತಿರುಗಿಸಿ ಮಾತಾಡಿದ್ದು ಅದೇ ಮೊದಲು. ಅವರು ನಕ್ಕು ಹೋದರು.

ಗಾಯವನ್ನು ಯಾವುದೂ ಕುಕ್ಕಲಿಲ್ಲ. ಕೀಲೆಣ್ಣೆ ಕೊಕ್ಕಿಗೆ ಹತ್ತಿದ ಹುಂಜವಂತೂ ನೆಲಕ್ಕೆ ಮೂತಿ ಉಜ್ಜಿಕೊಂಡು ಓಡಿತು. ನಾಲ್ಕೈದು ದಿನದಲ್ಲಿ ಹೊಸ ಚರ್ಮ ಬಂತು. ಇಷ್ಟಕ್ಕೆ ಎಲ್ಲ ಸರಿಹೋಯಿತು ಎಂದುಕೊಂಡೆ. ಹೋಗಲಿಲ್ಲ. ಗಾಯವಿಲ್ಲದಿದ್ದರೂ ಕರಿಕೋಳಿ ಬಿಡಲೊಲ್ಲದು. ಚುಕ್ಕೆಕೋಳಿ ರಾಗಿಯ ಹತ್ತಿರ ಬಂದರೆ ಅಟ್ಟಿಸಿಕೊಂಡು ಹೋಗುತ್ತಿತ್ತು. ನೀರಿನ ಕಲ್ಲಿನ ಹತ್ತಿರ ಬಂದರೂ ಅಷ್ಟೆ. ಅದು ಅಟ್ಟಿಸಿದರೆ ಮಿಕ್ಕವೂ ಅಟ್ಟಿಸುತ್ತಿದ್ದವು. ಕೊನೆಗೆ ಚುಕ್ಕೆಕೋಳಿ ಹಿತ್ತಿಲ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿಕೊಂಡು ನಿಲ್ಲುವುದನ್ನು ಕಲಿಯಿತು. ಅದನ್ನು ನೋಡಲಾರದೆ ಮತ್ತೆ ಎತ್ತಿ ಮಂಕರಿಗೆ ಹಾಕುತ್ತಿದ್ದೆ. ಮಂಕರಿಯನ್ನು ಹಿತ್ತಿಲ ಮಧ್ಯಕ್ಕೇ ತಂದಿಟ್ಟು ಸುತ್ತಲೂ ರಾಗಿ ಚೆಲ್ಲಿದೆ, ಒಂದನ್ನೊಂದು ನೋಡುತ್ತಾ ತಿನ್ನಲಿ ಎಂದು. ಒಳಗಿದ್ದಾಗ ಎಲ್ಲವೂ ಸುಮ್ಮನಿರುತ್ತಿದ್ದವು. ಮಂಕರಿ ಎತ್ತಿದೊಡನೆ ಮತ್ತೆ ಅದೇ ಕತೆ. ಹಬ್ಬಕ್ಕೆ ನಾಲ್ಕು ದಿನ ಉಳಿಯಿತು.

ಅಂದು ಮಂಕರಿ ಎತ್ತಿ, ಅಟ್ಟಿಸಿಕೊಂಡದ್ದನ್ನು ನೋಡಿ, ಮತ್ತೆ ಹಿಡಿದು ಒಳಗೆ ಹಾಕಲು ಬಗ್ಗಿದ್ದೆ. ಅತ್ತೆ ಮೊರ ಕೆಳಗಿಟ್ಟು ಎದ್ದು ಬಂದರು. ನೇರ ಕರಿಕೋಳಿಯ ಹತ್ತಿರ ಹೋಗಿ, ಒಂದೇ ಕೈಯಲ್ಲಿ ರೆಕ್ಕೆ ಹಿಡಿದು ಎತ್ತಿ, ಮಂಕರಿಯ ಕೆಳಗೆ ತಳ್ಳಿ, ಮೇಲೊಂದು ಕಲ್ಲು ಹೇರಿದರು.

"ಗಾಯ ಆದೋಳ್ನ ಎಷ್ಟ್ ದಿನಾಂತ ಕೂಡಾಕ್ತೀಯೇ? ಕುಕ್ಕೋಳ್ನ ಕೂಡಾಕು."

ವಾರಗಿತ್ತಿ ಒಳಗಿನಿಂದ ಓಡಿಬಂದಳು. ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ಕೂಗಾಡಿದಳು. ತನ್ನ ಕೋಳಿ ಏನು ಮಾಡಿತ್ತು, ಸತ್ತುಹೋಗುವ ಕೋಳಿಗಾಗಿ ಚೆನ್ನಾಗಿರುವುದನ್ನು ಯಾಕೆ ಕೂಡಿಹಾಕಬೇಕು ಎಂದು. ಅತ್ತೆ ಮತ್ತೆ ಮೊರ ಎತ್ತಿಕೊಂಡಿದ್ದರು. "ನಾಕ್ ದಿನ ತಾನೆ, ಕೂತ್ಕಂಡ್ ತಿನ್ಲಿ ಬುಡು" ಎಂದರು. ನಾನು ಆ ಮೂರು ವಾರ ಯೋಚಿಸಿದ್ದೆಲ್ಲ ನನ್ನ ಕೋಳಿಯನ್ನು ಎಲ್ಲಿ ಮುಚ್ಚಿಡಲಿ ಎಂದೇ. ಹೀಗೂ ಮಾಡಬಹುದೆಂದು ನನಗೆ ಹೊಳೆದಿರಲೇ ಇಲ್ಲ.

ಮೊದಲನೆಯ ದಿನ ಚುಕ್ಕೆಕೋಳಿ ಮೂಲೆ ಬಿಟ್ಟು ಬರಲಿಲ್ಲ. ಎರಡನೆಯ ದಿನ ಗುಂಪಿನ ಅಂಚಿಗೆ ಬಂದು ಒಂದೊಂದು ಕಾಳು ಹೆಕ್ಕಿತು. ಅಟ್ಟಿಸುವುದಕ್ಕೆ ಮುಂದಾಳು ಇಲ್ಲದೆ ಮಿಕ್ಕವು ಅದನ್ನು ಮರೆತೇಬಿಟ್ಟಿದ್ದವು. ಒಂದು ಕೆಂದು ಕೋಳಿ ಮಾತ್ರ ಕತ್ತು ಚಾಚಿ ಬಂತು. ಚುಕ್ಕೆಕೋಳಿ ಪುಕ್ಕ ಕೆದರಿಕೊಂಡು ಎದುರು ನಿಂತಿತು. ಕೆಂದು ಕೋಳಿ ಏನೋ ನೆನಪಾದವರ ಹಾಗೆ ಪಕ್ಕಕ್ಕೆ ತಿರುಗಿ ನೆಲ ಕೆದಕತೊಡಗಿತು. ಮೂರನೆಯ ದಿನ ನನ್ನ ಕೋಳಿ ತಿಪ್ಪೆಯ ಮೇಲೆ ಎಲ್ಲರ ನಡುವೆ ಮಣ್ಣಾಟ ಆಡುತ್ತಿತ್ತು.

ಯುಗಾದಿಯ ದಿನ ಬೇವು ಬೆಲ್ಲ ತಿಂದು, ಒಬ್ಬಟ್ಟು ಉಂಡು, ಹೊತ್ತು ಮುಳುಗುವ ವೇಳೆಗೆ ಕೋಳಿಗಳೆಲ್ಲ ಕಲ್ಲಿನ ಗೂಡು ಸೇರಿದ ಮೇಲೆ ಅತ್ತೆ ಕರಿಕೋಳಿಯನ್ನು ತೆಗೆದು ಅವುಗಳ ನಡುವೆ ನೂಕಿ ಚಪ್ಪಡಿ ಮುಚ್ಚಿದರು. "ಬೆಳಗ್ಗೆ ನೋಡಾನ" ಎಂದರು. ನಾನು ದೇವರಿಗೆ ದೀಪ ಹಚ್ಚುವಾಗ ಬೇಡಿಕೊಂಡದ್ದು ಆ ಕೋಳಿಗಾಗಿ. ಗಂಡ ಮಕ್ಕಳು ಮನೆಮಾರು ಎಂದು ಬೇಡಬೇಕಾದ ದಿನ ಅದು.

ತೊಡಕಿನ ಬೆಳಿಗ್ಗೆ ಅತ್ತೆ, ನಾನು, ಸೊಂಟದ ಮೇಲೆ ಕೈಯಿಟ್ಟುಕೊಂಡು ವಾರಗಿತ್ತಿ, ಮೂವರೂ ಗೂಡಿನ ಮುಂದೆ ನಿಂತೆವು. ಚಪ್ಪಡಿ ಸರಿಸಿದರು. ಹುಂಜ ಬಂತು, ಕೆಂದು ಕೋಳಿ ಬಂತು, ಚುಕ್ಕೆಕೋಳಿ ಬಂತು. ಎಲ್ಲಕ್ಕೂ ಕೊನೆಗೆ ಕರಿಕೋಳಿ ಹೊರಗೆ ಬಂದು, ಯಾರ ಮನೆಗೆ ಬಂದೆನೋ ಎನ್ನುವಂತೆ ನಿಂತಿತು. ಕೆಂದು ಕೋಳಿ ಹೋಗಿ ಅದರ ತಲೆಗೇ ಒಂದು ಕುಕ್ಕಿತು. ಕರಿಕೋಳಿ ಹಿಂದಕ್ಕೆ ಸರಿಯಿತು. ಆಮೇಲೆ ಚುಕ್ಕೆಕೋಳಿಯ ಕಡೆಗೆ ನಡೆಯಿತು. ಎರಡೂ ಕತ್ತೆತ್ತಿ ಒಂದನ್ನೊಂದು ನೋಡಿದವು. ಅತ್ತೆ ಒಂದು ಹಿಡಿ ರಾಗಿ ಚೆಲ್ಲಿದರು. ಎರಡೂ ತಲೆ ತಗ್ಗಿಸಿ ತಿನ್ನತೊಡಗಿದವು, ಪಕ್ಕಪಕ್ಕದಲ್ಲಿ.

"ಹುಂ, ಎಳೇ ಹುಂಜ ಒಂದ್ ತರ್ಸಿ ಕುಯ್ಯಾನ" ಎಂದು ಅತ್ತೆ ಒಳಗೆ ಹೋದರು. ನನಗೆ ಕುಣಿಯಬೇಕೆನ್ನಿಸಿತು. ವರ್ಷದ ತೊಡಕಿನ ದಿನ ಏನು ಮಾಡುತ್ತೇವೋ ವರ್ಷವೆಲ್ಲ ಅದೇ ಮಾಡುತ್ತೇವೆ ಎಂದು ನಮ್ಮಲ್ಲಿ ನಂಬಿಕೆ, ಅಂದು ಯಾರೂ ಯಾರನ್ನೂ ಬೈಯುವಂತಿಲ್ಲ. ಪಾಪ, ವಾರಗಿತ್ತಿ ಇಡೀ ದಿನ ತುಟಿ ಕಚ್ಚಿಕೊಂಡು ಓಡಾಡಿದಳು.

ಹಬ್ಬಕ್ಕೆ ಅವಳ ತಮ್ಮ ಬಂದಿದ್ದ. ಅವನು ಹೊರಡುವಾಗ ಅತ್ತೆ, "ನೀನೂ ಹೋಗ್ಬುಟ್ ಬಾರಮ್ಮ, ಒಂದ್ ಹದಿನೈದ್ ದಿನ. ಒಬ್ಳೇ ಗೇದು ಗೇದು ಸೊರಗೋಗಿದ್ದೀಯ" ಎಂದರು. ಅವಳ ಮುಖ ಅರಳಿತು. ಅರ್ಧ ಗಳಿಗೆಯಲ್ಲಿ ಗಂಟು ಕಟ್ಟಿ ನಿಂತಳು. ನನಗೆ ಹೊಟ್ಟೆಕಿಚ್ಚಾಯಿತು. ಬಾಯಿ ಮಾಡುವವರಿಗೇ ಉಪಚಾರ ಎಂದುಕೊಂಡೆ.

ಅಂದು ಮಧ್ಯಾಹ್ನ ಒಲೆಯ ಮುಂದೆ ನಾನೊಬ್ಬಳೇ. ಹಿಟ್ಟಿನ ಕೋಲು ಹಿಡಿದೆ. ಗಂಟಾಯಿತು. ಅತ್ತೆ ಗಂಟು ಸಮೇತ ಉಂಡು ಎದ್ದರು. ಮಾರನೆಯ ದಿನವೂ ಗಂಟು. ನಾಲ್ಕನೆಯ ದಿನ ತೋಳು ನಡುಗುವುದು ಕಡಿಮೆಯಾಯಿತು. ಯಾರೂ ನೋಡುತ್ತಿಲ್ಲ ಎಂದರೆ ಕೈ ತಾನಾಗಿ ತನ್ನ ಕೆಲಸ ನೆನಪು ಮಾಡಿಕೊಳ್ಳುತ್ತದೆ. ಹತ್ತನೆಯ ದಿನದ ಹೊತ್ತಿಗೆ ಭಾವ ಎರಡನೆಯ ಮುದ್ದೆ ಕೇಳಿ ಹಾಕಿಸಿಕೊಂಡರು. ಸೆರಗಿನ ಕೆಳಗೆ ಕೂದಲೂ ಬೆರಳಿಗೆ ಸಿಗುವಷ್ಟು ಬಂದಿತ್ತು.

ಹದಿನೈದು ಎಂದದ್ದು ಇಪ್ಪತ್ತಾಯಿತು. ಒಂದು ಸಂಜೆ, ನಾನು ಎಸರಿಗೆ ಹಿಟ್ಟು ಹಾಕಿ ಕುದಿಯಲು ಬಿಟ್ಟಿದ್ದೆ, ಅಡುಗೆಮನೆಯ ಹೊಸ್ತಿಲಲ್ಲಿ ನೆರಳು ಬಿತ್ತು. ವಾರಗಿತ್ತಿ. ಗಂಟು ಕಂಕುಳಲ್ಲೇ ಇತ್ತು. ಒಲೆ ನೋಡಿದಳು, ನನ್ನನ್ನು ನೋಡಿದಳು, ಸಾಲಾಗಿ ಬೇರೆ ರೀತಿ ಜೋಡಿಸಿದ್ದ ಮಡಕೆಗಳನ್ನು ನೋಡಿದಳು. ಒಳಗೆ ಬರಬೇಕೋ ಬೇಡವೋ ತಿಳಿಯದೆ ನಿಂತಳು. ಕರಿಕೋಳಿ ಹಾಗೆ ನಿಂತದ್ದನ್ನು ನಾನು ಗೂಡಿನ ಬಾಯಲ್ಲಿ ನೋಡಿದ್ದೆ.

ಸುಳ್ಳು ಹೇಳುವುದಿಲ್ಲ, ಒಂದು ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಕೂದಲು, ಕಸುವು, ಬಿಸಿಲು, ಎಲ್ಲ ಸೇರಿಸಿ ಎರಡು ತಿಂಗಳಿಂದ ಕಟ್ಟಿಟ್ಟುಕೊಂಡ ಮಾತು. ಚೆನ್ನಾಗಿಯೇ ಇತ್ತು. ಆಡಿದ್ದರೆ ಅವಳು ಹಿಂದಕ್ಕೆ ಸರಿಯುತ್ತಿದ್ದಳು. ನಾನು ಅದನ್ನು ನುಂಗಿ, ಹಿಟ್ಟಿನ ಕೋಲನ್ನು ಅವಳ ಕಡೆಗೆ ಚಾಚಿದೆ.

"ಬಾ ಅಕ್ಕ. ಪಾತ್ರೆ ಅಲ್ಲಾಡ್ತೈತೆ, ಒಬ್ಳ ಕೈಲಾಗಲ್ಲ. ನಾ ಹಿಡ್ಕೋತೀನಿ, ನೀ ತೊಳ್ಸು."

ಒಬ್ಬಳ ಕೈಲಿ ಆಗುತ್ತಿತ್ತು, ಇಪ್ಪತ್ತು ದಿನ ಆಗಿತ್ತು. ಅದು ಅವಳಿಗೂ ಗೊತ್ತು. ಗಂಟನ್ನು ಕೆಳಗಿಟ್ಟು ಬಂದು ಕೂತಳು. ನಾನು ಕವೆಗೋಲಿನಿಂದ ಪಾತ್ರೆ ಒತ್ತಿ ಹಿಡಿದೆ, ಅವಳು ತೊಳಸಿದಳು. ಹಿಟ್ಟು ಗಟ್ಟಿಯಾಗುತ್ತಾ ಬಂದಾಗ ಕೋಲು ನನ್ನ ಕೈಗೆ ಕೊಟ್ಟು, ಕವೆಗೋಲು ತಾನು ಹಿಡಿದಳು. ಆಮೇಲೆ ಅವಳ ಭುಜ ಅಲ್ಲಾಡುತ್ತಿರುವುದು ಕಂಡಿತು. ಅಳುತ್ತಿದ್ದಾಳೆ ಎಂದುಕೊಂಡು ಮುಖ ನೋಡಿದರೆ ನಗುತ್ತಿದ್ದಳು.

"ಊರಲ್ ಇಪ್ಪತ್ ದಿನ ಕೂತ್ಕಂಡ್ ತಿಂದು, ಬರೋ ದಾರೀಲಿ ಹೊಳೀತು ಕಣೇ" ಎಂದಳು. "ಅತ್ತೆ ನನ್ನೂ ಮಂಕ್ರಿ ಕೆಳಗ್ ಕೂಡಾಕ್ಬುಟ್ರು!"

ನನಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಆಮೇಲೆ ಕೋಲು ಹಿಡಿಯಲಾಗದಷ್ಟು ನಗು ಬಂತು. ನಕ್ಕು ನಕ್ಕು ತಲೆಯ ಮೇಲಿನ ಸೆರಗು ಜಾರಿ ಹೆಗಲಿಗೆ ಬಿತ್ತು. ಎತ್ತಿ ಹೊದ್ದುಕೊಳ್ಳಲು ನನಗೆ ನೆನಪೇ ಆಗಲಿಲ್ಲ. ವಾರಗಿತ್ತಿ ನನ್ನ ಮೋಟುಗೂದಲನ್ನು ನೋಡಿದಳು, ಮಸಿಯ ಕೈಯಿಂದಲೇ ಒಮ್ಮೆ ಸವರಿದಳು.

"ಚೆನ್ನಾಗ್ ಹುಟ್ಟೈತೆ" ಎಂದಳು.

ಜಗುಲಿಯ ಕಡೆಯಿಂದ ಮೊರದ ಸದ್ದು ನಿಂತಿತು. "ಏನ್ರೇ ಅದು ನಗಾಡ್ತಿರೋದು? ಹಿಟ್ಟು ಸೀದೋಯ್ತದೆ, ನೋಡ್ರಮ್ಮ" ಎಂದರು ಅತ್ತೆ.